ಒಂದು ಎಸ್ಟೀಮ್, ಮೂರು ಸಲ ಬಿಚ್ಚಿದ ಎಂಜಿನ್: ಫೋರ್ಜ್ಡ್ ಪಿಸ್ಟನ್ ಹಾಕಿ ಮತ್ತೆ ಕಾಸ್ಟ್‌ಗೆ ಬಂದ ಲೆಕ್ಕ

ನನ್ನ ಮೇಜಿನ ಮೇಲೆ ಪೆನ್ನು ನಿಲ್ಲಿಸೋಕೆ ಒಂದು ಪಿಸ್ಟನ್ ಇದೆ. ಹದಿಮೂರೂವರೆ ಸಾವಿರ ರೂಪಾಯಿಯ ಪೆನ್ ಸ್ಟ್ಯಾಂಡ್. ಅದರ ಉಳಿದ ಮೂವರು ಅಣ್ಣತಮ್ಮಂದಿರು ಅಟ್ಟದ ಮೇಲೆ ರಟ್ಟಿನ ಡಬ್ಬಿಯಲ್ಲಿದ್ದಾರೆ. ದಿನಾ ಓಡಿಸುವ ಕಾರಿನ ಕಾಸ್ಟ್ (ಎರಕ ಹೊಯ್ದ) ಪಿಸ್ಟನ್ ತೆಗೆದು ಫೋರ್ಜ್ಡ್ (ಲೋಹವನ್ನು ಒತ್ತಿ ಬಡಿದು ರೂಪಿಸಿದ, ಹೆಚ್ಚು ಗಟ್ಟಿ) ಪಿಸ್ಟನ್ ಹಾಕಿಸಬೇಕಾ ಅಂತ ಯೋಚಿಸುತ್ತಿರುವವರು ಯಾರಾದರೂ ಇದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನು ಓದಲಿ ಅಂತ ಡೈರಿ ತೆಗೆದು ಬರೆಯುತ್ತಿದ್ದೇನೆ. ಅಳತೆಗಳೆಲ್ಲ ನನ್ನ ಕಾರಿನವು, ನನ್ನ ಮೈಕ್ರೋಮೀಟರಿನವು.

ಕಾರು 2004ರ ಮಾರುತಿ ಎಸ್ಟೀಮ್ ವಿಎಕ್ಸ್‌ಐ. ಜಿ13ಬಿಬಿ ಎಂಜಿನ್, 16 ವಾಲ್ವ್, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 75.5 ಮಿ.ಮೀ., ಒಟ್ಟು 1,298 ಸಿ.ಸಿ. ಅಲ್ಯೂಮಿನಿಯಂ ಬ್ಲಾಕು, ಒಳಗೆ ಎರಕದ ಕಬ್ಬಿಣದ ಲೈನರ್ (ಸಿಲಿಂಡರಿನ ಒಳಗೋಡೆ). ಅಪ್ಪ ಕೊಂಡ ಕಾರು. ನನ್ನ ಕೈಗೆ ಬಂದ ಮೇಲೆ 4-2-1 ಹೆಡರ್ (ಹೊಗೆ ಹೋಗುವ ಕೊಳವೆಗಳು), ಸ್ವಲ್ಪ ಗ್ರೈಂಡ್ ಮಾಡಿಸಿದ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟು), 0.8 ಮಿ.ಮೀ. ಸವೆಸಿದ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ), ಎಂಜಿನ್ನಿನ ಕಂಪ್ಯೂಟರಾದ ಇಸಿಯು ಪಕ್ಕಕ್ಕೆ ಅದರ ಲೆಕ್ಕ ತಿದ್ದುವ ಒಂದು ಪಿಗ್ಗಿಬ್ಯಾಕ್ ಎಲ್ಲ ಸೇರಿಕೊಂಡವು. ಟರ್ಬೊ ಇಲ್ಲ. ಇದೊಂದು ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಓಡಾಟ: ವಿಜಯನಗರದಿಂದ ಪೀಣ್ಯಕ್ಕೆ ದಿನಾ ಹೋಗಿ ಬರೋದು, ಒಂದು ದಿಕ್ಕಿಗೆ 9 ಕಿ.ಮೀ., ಟ್ರಾಫಿಕ್ಕಿನ ಕೃಪೆ ಇದ್ದರೆ ಮುಕ್ಕಾಲು ಗಂಟೆ. ತಿಂಗಳಿಗೆ ಒಂದೆರಡು ಸಲ ಮೂಡಿಗೆರೆ ಕಡೆ ಊರಿಗೆ.

ಅಕ್ಟೋಬರ್ 2022: ಚಾರ್ಮಾಡಿಯಲ್ಲಿ ಕಡಲೆಕಾಳು

ಧರ್ಮಸ್ಥಳದಿಂದ ವಾಪಸ್. ಕಾರಲ್ಲಿ ನಾಲ್ಕು ಜನ, ಏಸಿ ಆನ್, ಚಾರ್ಮಾಡಿ ಏರು. ಎರಡನೇ ಗೇರಲ್ಲಿ ಪೂರ್ತಿ ತುಳಿದಾಗಲೆಲ್ಲ ಡಬ್ಬಿಯಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದ ಸದ್ದು. ಹೊಸ ವಿಷಯವೇನಲ್ಲ, ಹೆಡ್ ಸವೆಸಿದಾಗಿನಿಂದ ಇತ್ತು. "ಪರ್ಫಾರ್ಮೆನ್ಸ್ ಎಂಜಿನ್ ಅಂದ್ರೆ ಸ್ವಲ್ಪ ಹಾಗೇ" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಎಂಟು ತಿಂಗಳು ಓಡಿಸಿದ್ದೆ. ಕೊಟ್ಟಿಗೆಹಾರ ತಲುಪುವ ಹೊತ್ತಿಗೆ ಹಿಂದೆ ನೀಲಿ ಹೊಗೆ, ಎಂಜಿನ್ ಮೂರು ಕಾಲಲ್ಲಿ ಕುಂಟುತ್ತಿತ್ತು.

ಬೆಂಗಳೂರಿಗೆ ಬಂದು ಕಂಪ್ರೆಷನ್ ನೋಡಿದೆ. ಒಂದನೇ ಸಿಲಿಂಡರ್ 182 ಪಿಎಸ್‌ಐ, ಎರಡು 180, ಮೂರು 118, ನಾಲ್ಕು 178. ಮೂರಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ತಿರುಗಿಸಿದರೆ 150. ವಾಲ್ವ್ ಅಲ್ಲ, ರಿಂಗ್ (ಪಿಸ್ಟನ್ ಸುತ್ತ ಕೂತು ಸಂದು ಮುಚ್ಚುವ ಉಂಗುರ) ಕಡೆಯ ತೊಂದರೆ ಅನ್ನೋದು ಅಲ್ಲಿಗೆ ಖಾತ್ರಿ. ಡಿಪ್‌ಸ್ಟಿಕ್ ತೆಗೆದರೆ ಆ ತೂತಿಂದ ಪುಸಪುಸ ಗಾಳಿ.

ನವೆಂಬರ್ 2022: ಮೊದಲ ಸಲ ಬಿಚ್ಚಿದ್ದು

ಎಂಜಿನ್ ಇಳಿಸಿ ಹೆಡ್ ತೆಗೆದೆವು. ಮೂರನೇ ಪಿಸ್ಟನ್ನಿನಲ್ಲಿ ಮೊದಲನೇ ರಿಂಗಿಗೂ ಎರಡನೇ ರಿಂಗಿಗೂ ನಡುವಿನ ಅಂಚು ಸುಮಾರು 14 ಮಿ.ಮೀ. ಉದ್ದಕ್ಕೆ ಮುರಿದು ಹೋಗಿತ್ತು. ತಲೆ ಕರಗಿರಲಿಲ್ಲ, ತೂತಾಗಿರಲಿಲ್ಲ. ಉಳಿದ ಮೂರರ ತಲೆಯ ಮೇಲೆ, ಅದರಲ್ಲೂ ಅಂಚಿಗೆ, ಯಾರೋ ಕಲ್ಲುಪ್ಪು ಎರಚಿ ಒತ್ತಿದ ಹಾಗೆ ಸಣ್ಣ ಸಣ್ಣ ಕುಳಿ. ಮೂರನೇ ಬೋರಿನಲ್ಲಿ ಉಗುರಿಗೆ ಸಿಗುವಂಥ ಗೀರು. ಸವೆತ ಅಳೆದರೆ 74.07. ಗೀರು ಹೋಗಬೇಕಾದರೆ 0.25 ಓವರ್‌ಸೈಜ್ (ಬೋರು ಅಷ್ಟು ಮಿ.ಮೀ. ಅಗಲ ಮಾಡಿ ಹಾಕುವ ದೊಡ್ಡ ಪಿಸ್ಟನ್) ಸಾಲದು, 0.50ಕ್ಕೇ ಹೋಗಬೇಕು ಅಂದರು ಲೇತ್ ಅಂಗಡಿ ಯಜಮಾನರು.

ಮುರಿದ ಅಂಚು, ಕುಳಿಬಿದ್ದ ತಲೆ ಎರಡೂ ಒಂದೇ ಮಾತು ಹೇಳುತ್ತಿದ್ದವು: ನಾಕಿಂಗ್, ಅಂದರೆ ಪೆಟ್ರೋಲು-ಗಾಳಿ ಕ್ರಮವಾಗಿ ಉರಿಯುವ ಬದಲು ತಾನಾಗಿಯೇ ಸಿಡಿಯೋದು. ಆ ಕಡಲೆಕಾಳಿನ ಸದ್ದು ಅದೇ. ನಾನು ಕೇಳಿಸಿಕೊಂಡಿದ್ದು ಬೇರೆ ಮಾತು. "ಕಾಸ್ಟ್ ಪಿಸ್ಟನ್ ತಡೆಯಲಿಲ್ಲ. ಗಟ್ಟಿ ಪಿಸ್ಟನ್ ಹಾಕಬೇಕು." ಈ ಇಡೀ ಕಥೆಯ ದೊಡ್ಡ ತಪ್ಪು ಇದೇ. ಮುಂದಿನವೆಲ್ಲ ಇದರ ಮಕ್ಕಳು ಮೊಮ್ಮಕ್ಕಳು.

ಅವತ್ತೇ ಬ್ಯೂರೆಟ್ (ದ್ರವ ಅಳೆಯುವ ಗಾಜಿನ ಕೊಳವೆ) ಹಿಡಿದು ಲೆಕ್ಕ ಹಾಕಿದ್ದಿದ್ದರೆ ಗೊತ್ತಾಗುತ್ತಿತ್ತು. ಹಾಕಿದ್ದು ಆಮೇಲೆ. ಸವೆಸಿದ ಹೆಡ್ಡಿನ ಚೇಂಬರ್ 27.6 ಸಿ.ಸಿ., ಗ್ಯಾಸ್ಕೆಟ್ಟಿನ ಜಾಗ 5.4, ಪಿಸ್ಟನ್ ತಲೆಯ ತಗ್ಗು 2.4, ಒಟ್ಟು 35.4. ಸ್ಟಾಂಡರ್ಡ್ ಬೋರಿಗೆ 10.2ಕ್ಕೆ 1 ಕಂಪ್ರೆಷನ್ ಆಗುತ್ತೆ, 0.50 ಓವರ್‌ಸೈಜಿಗೆ 10.3. ಇದು ಹೆಚ್ಚಿದಷ್ಟೂ ನಾಕಿಂಗ್ ಹತ್ತಿರ. ಅದರ ಮೇಲೆ ಪಿಗ್ಗಿಬ್ಯಾಕಲ್ಲಿ 3 ಡಿಗ್ರಿ ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರುವ ಹೊತ್ತು) ಮುಂದೆ. ಹಾಕುತ್ತಿದ್ದದ್ದು 91 ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಂಕ) ಸಾದಾ ಪೆಟ್ರೋಲು. ಫಿಲ್ಟರ್ ಹೆಡರಿನ ಪಕ್ಕದಲ್ಲೇ ಕೂತು ಬಿಸಿಗಾಳಿ ಕುಡಿಯುತ್ತಿತ್ತು. ಇಷ್ಟು ಇದ್ದ ಮೇಲೆ ಪಿಸ್ಟನ್ ಎಂಟು ತಿಂಗಳು ಬದುಕಿದ್ದೇ ದೊಡ್ಡದು.

ಡಿಸೆಂಬರ್ 2022: ಆರ್ಡರ್

ಹೊರದೇಶದಿಂದ ತರಿಸಿದೆ. ನಾಲ್ಕು ಪಿಸ್ಟನ್, ಪಿನ್, ರಿಂಗ್, ಲಾಕ್ ಸೇರಿ 54,000 ರೂಪಾಯಿ. ಸಾಗಾಣಿಕೆ, ಕಸ್ಟಮ್ಸ್ ಸೇರಿ ಇನ್ನೂ 18,600. ತಲೆಯ ತಗ್ಗು ಹಳೇದರಷ್ಟೇ ಇರಲಿ ಅಂತ ಹೇಳಿದ್ದೆ, ಹಾಗೇ ಬಂತು. ಡಬ್ಬಿ ಬಿಚ್ಚಿದ ದಿನ ಮನೆಯಲ್ಲಿ ಒಂದು ಸಣ್ಣ ಹಬ್ಬ. ತೂಕ ಹಾಕಿದೆ: ನಾಲ್ಕೂ 231 ಗ್ರಾಂ, ಒಂದು ಗ್ರಾಂ ಆಚೀಚೆ. ಹಳೇ ಕಾಸ್ಟ್ 238ರಿಂದ 241. ನೋಡೋಕೆ ಒಡವೆ ಇದ್ದ ಹಾಗೆ.

ಕೇಳಬೇಕಿದ್ದ ಒಂದೇ ಪ್ರಶ್ನೆ ಕೇಳಲಿಲ್ಲ: ಯಾವ ಲೋಹ? ಫೋರ್ಜ್ಡ್ ಅಂದರೆ ಒಂದೇ ಜಾತಿ ಅಲ್ಲ. 4032 ಅನ್ನೋದರಲ್ಲಿ ಸುಮಾರು 12 ಪರ್ಸೆಂಟ್ ಸಿಲಿಕಾನ್ ಇರುತ್ತೆ, ಬಿಸಿಗೆ ಕಡಿಮೆ ಹಿಗ್ಗುತ್ತೆ. 2618ರಲ್ಲಿ ಸಿಲಿಕಾನ್ ಇಲ್ಲವೇ ಇಲ್ಲ ಅನ್ನುವಷ್ಟು. ಪೆಟ್ಟು ತಿಂದರೆ ಒಡೆಯದೆ ಬಗ್ಗುತ್ತೆ, ಆದರೆ ಹಿಗ್ಗೋದು ಜಾಸ್ತಿ, ಸವೆಯೋದೂ ಬೇಗ. ನನಗೆ ಬಂದಿದ್ದು 2618. ಕಾಗದದಲ್ಲಿ ಬರೆದಿತ್ತು, ಓದಿದ್ದು ಪಿಸ್ಟನ್ ಕೈಗೆ ಬಂದ ಮೇಲೆ.

ಜನವರಿ 2023: ಬೋರಿಂಗ್, ಮತ್ತು ನನ್ನ ಮೈಕ್ರೋಮೀಟರ್ ಮಾಡಿದ ಮೋಸ

ಹೆಡ್ ಬೋಲ್ಟ್ ಬಿಗಿದಾಗ ಬೋರು ಸೊಟ್ಟಗಾಗುತ್ತೆ, ಆದ್ದರಿಂದ ಬಿಗಿದ ಸ್ಥಿತಿಯಲ್ಲೇ ಹೋನಿಂಗ್ (ಕಲ್ಲಿನಿಂದ ಬೋರಿನ ಕೊನೆಯ ತೀಡುವಿಕೆ) ಆಗಬೇಕು ಅಂತ ಹಟ ಹಿಡಿದೆ. ಅದಕ್ಕೆ ಹೆಡ್ಡಿನ ಬದಲು ಬ್ಲಾಕಿಗೆ ಬಿಗಿಯುವ ದಪ್ಪ ಪ್ಲೇಟು ಬೇಕು, ಈ ಎಂಜಿನ್ನಿಗೆ ಅದು ಯಾರ ಹತ್ತಿರವೂ ಇರಲಿಲ್ಲ. 40 ಮಿ.ಮೀ. ದಪ್ಪದ ಉಕ್ಕಿನ ಹಲಗೆ ತಂದು, ಹಳೇ ಗ್ಯಾಸ್ಕೆಟ್ ಇಟ್ಟು ಗುರುತು ಹಾಕಿ, ತೂತು ಕೊರೆಸಿ ಮಾಡಿಸಿದ್ದಕ್ಕೆ 6,500. ಈ ಖರ್ಚಿನ ಬಗ್ಗೆ ಈಗಲೂ ಬೇಸರ ಇಲ್ಲ, ಮೂರು ಸಲವೂ ಉಪಯೋಗಕ್ಕೆ ಬಂತು.

ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಬೋರ್ ಗೇಜ್ ಹಿಡಿದರೆ ಕೈ ಅಲುಗಲ್ಲ. "ಮಾರುತಿಗೆ ಒಂದೂವರೆ ಥೌ ಬಿಟ್ರೆ ಜಾಸ್ತಿ ಸಾರ್, ಅದಕ್ಕಿಂತ ಬಿಟ್ರೆ ಸದ್ದು ಬರುತ್ತೆ" ಅಂದರು. ಪಿಸ್ಟನ್ನಿಗೂ ಬೋರಿಗೂ ನಡುವೆ ಬಿಡುವ ಸಂದಿನ ಮಾತು ಇದು; ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ಅವರ ಮಾತು ಕಾಸ್ಟ್ ಪಿಸ್ಟನ್ನಿಗೆ ನೂರಕ್ಕೆ ನೂರು ಸರಿ. ಕಂಪನಿ ಪುಸ್ತಕದಲ್ಲೂ 0.02ರಿಂದ 0.04 ಮಿ.ಮೀ. ಅಂತಲೇ ಇದೆ. ನಾನು ಪಿಸ್ಟನ್ ಜೊತೆ ಬಂದ ಕಾಗದ ತೋರಿಸಿದೆ: 0.075. "ಇಷ್ಟಾ?" ಅಂತ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ನಿಮ್ಮ ಪಿಸ್ಟನ್ನು, ನಿಮ್ಮ ಇಷ್ಟ. ಅಳತೆ ನೀವೇ ಹೇಳಿ."

ಹೇಳಿದೆ, ತಪ್ಪು ಹೇಳಿದೆ. ಪಿಸ್ಟನ್ನಿನ ಸ್ಕರ್ಟ್ (ರಿಂಗುಗಳ ಕೆಳಗಿನ ಗೋಡೆ) ನೇರ ಕೊಳವೆಯಲ್ಲ, ಮದ್ದಳೆಯ ಹಾಗೆ ನಡುವೆ ಉಬ್ಬಿರುತ್ತೆ. ಕಾಗದದ ಪ್ರಕಾರ ಅಳೆಯಬೇಕಿದ್ದದ್ದು ಕೆಳ ಅಂಚಿನಿಂದ 12 ಮಿ.ಮೀ. ಮೇಲೆ, ಪಿನ್ನಿಗೆ ಅಡ್ಡವಾಗಿ. ನಾನು ಅಂಚಿನಲ್ಲೇ ಹಿಡಿದೆ. ಅಲ್ಲಿ 74.395 ಸಿಕ್ಕಿತು. ಅದಕ್ಕೆ 0.075 ಸೇರಿಸಿ ಬೋರು 74.47 ಅಂದೆ. ಪಿಸ್ಟನ್ನಿನ ನಿಜವಾದ ಅಳತೆ 74.425. ಅಂದರೆ ಬಿಟ್ಟ ಸಂದು 0.045 ಮಾತ್ರ.

ರಿಂಗಿನ ಬಾಯಿ (ಉಂಗುರದ ಎರಡು ತುದಿಗಳ ನಡುವಿನ ಸಂದು) ತೀಡುವ ಕೆಲಸ ಮನೆಯಲ್ಲೇ ಮಾಡಿದೆ. ಬೋರ್ ಅಳತೆಯ ಪ್ರತಿ ಮಿ.ಮೀ.ಗೆ 0.004 ಅನ್ನೋ ಲೆಕ್ಕ, ಮೊದಲ ರಿಂಗಿಗೆ 0.30, ಎರಡನೇದಕ್ಕೆ 0.35. ಕೈಫೈಲಿನಲ್ಲಿ ಒಂದೊಂದೇ ತೀಡಿ, ಬೋರಿಗೆ ಇಳಿಸಿ, ಪಿಸ್ಟನ್ ತಲೆಯಿಂದ ಸಮ ತಳ್ಳಿ, ಫೀಲರ್ ಗೇಜ್ ಇಟ್ಟು ನೋಡೋದು. ಎಂಟು ರಿಂಗಿಗೆ ಐದು ಗಂಟೆ. ಏಳನೆಯದು ತೀಡುವಾಗ ಫೋನ್ ಬಂತು, ಮಾತಾಡುತ್ತಾ ತೀಡಿದೆ, 0.42 ಆಗಿ ಕೂತಿತು. ನಾಲ್ಕನೇ ಸಿಲಿಂಡರಿನ ಮೊದಲ ರಿಂಗು ಅದು. ಬಿಡಿ ರಿಂಗು ಸಿಗಲ್ಲ. ಹಾಗೇ ಹಾಕಿದೆ.

ಫೆಬ್ರವರಿ 2023: 60 ಕಿ.ಮೀ.ಗೆ ಬಿಗಿದುಕೊಂಡಿತು

ರನ್ನಿಂಗ್-ಇನ್‌ಗೆ ಮಿನರಲ್ ಆಯಿಲ್ ಹಾಕಿ ತುಮಕೂರು ರಸ್ತೆಯಲ್ಲಿ ನಿಧಾನಕ್ಕೆ ಹೋಗಿ ಬರುತ್ತಿದ್ದೆ. ನೆಲಮಂಗಲ ದಾಟಿ ಒಂದು ಫ್ಲೈಓವರ್ ಏರುವಾಗ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಕಾರು ಭಾರವಾಯಿತು. ಟೆಂಪರೇಚರ್ ಮುಳ್ಳು ಅರ್ಧದಲ್ಲೇ ಇತ್ತು, ಅದರಿಂದ ಏನೂ ಗೊತ್ತಾಗಲಿಲ್ಲ. ಪಕ್ಕಕ್ಕೆ ತೆಗೆದೆ, ಐಡ್ಲಿಂಗಿಗೆ ಬಂದದ್ದೇ ಆಫ್ ಆಯಿತು. ಸ್ಟಾರ್ಟರ್ ಕಷ್ಟಪಟ್ಟು ತಿರುಗಿಸಿತು. ಅರ್ಧ ಗಂಟೆ ಆರಿದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯಿತು.

ಮತ್ತೆ ಇಳಿಸಿದೆವು. ಎರಡು ಮತ್ತು ಮೂರನೇ ಪಿಸ್ಟನ್ನಿನ ಸ್ಕರ್ಟಿನ ಮೇಲೆ ಉದ್ದುದ್ದ ಗೀರು, ಬೋರಿನಲ್ಲಿ ಅಂಟಿಕೊಂಡ ಅಲ್ಯೂಮಿನಿಯಂ. ಯಜಮಾನರು ಏನೂ ಹೇಳಲಿಲ್ಲ. ಪಿಸ್ಟನ್ ತಿರುಗಿಸಿ ನೋಡಿ, ಮೈಕ್ರೋಮೀಟರ್ ಸರಿಯಾದ ಜಾಗಕ್ಕೆ ಹಿಡಿದು, ನನ್ನ ಕಡೆ ತಿರುಗಿಸಿದರು. 74.425. ಅಷ್ಟೇ. ಆ ಮೌನಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಪಿಸ್ಟನ್ನುಗಳನ್ನು 1000 ನಂಬರ್ ಕಾಗದದಲ್ಲಿ ಆಯಿಲ್ ಹಾಕಿ ತೀಡಿ ಗೀರಿನ ಏಣು ತೆಗೆದೆ. ಬೋರು ನಾಲ್ಕೂ 74.505ಕ್ಕೆ ಹೋನ್ ಆಯಿತು. ತೀಡಿದ ಮೇಲೆ ಸಂದು ಹತ್ತಿರ ಹತ್ತಿರ 0.085. ಬೇಕಾದ್ದಕ್ಕಿಂತ ಒಂದು ಕೂದಲು ಜಾಸ್ತಿ. ಬೇರೆ ದಾರಿ ಇರಲಿಲ್ಲ.

ಆ ವಾರ ತಲೆಯಲ್ಲಿ ಇದೇ ಕೊರೆಯುತ್ತಿದ್ದರಿಂದ ಮನೆಯ ಓವನ್ನಿನಲ್ಲಿ ಒಂದು ಪರೀಕ್ಷೆ ಮಾಡಿದೆ. ಒಂದು ಫೋರ್ಜ್ಡ್, ಒಂದು ಹಳೇ ಕಾಸ್ಟ್, ಎರಡನ್ನೂ ಅಳೆದು 150 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಟ್ಟು, ತೆಗೆದ ತಕ್ಷಣ ಮತ್ತೆ ಅಳತೆ. ಫೋರ್ಜ್ಡ್ 0.20 ಮಿ.ಮೀ. ಹಿಗ್ಗಿತು, ಕಾಸ್ಟ್ 0.18. ಕೂದಲೆಳೆಯ ವ್ಯತ್ಯಾಸ, ಆದರೆ ಇಲ್ಲಿ ಲೆಕ್ಕವೆಲ್ಲ ಕೂದಲೆಳೆಯಲ್ಲೇ. ಎಂಜಿನ್ ಒಳಗೆ ತಲೆಯ ಭಾಗ ಇದಕ್ಕಿಂತ ಎಷ್ಟೋ ಬಿಸಿಯಾಗುತ್ತೆ. ಓವನ್ನಿನಿಂದ ಮುಂದಿನ ಎರಡು ವಾರ ಕೇಕಿಗೂ ಗೇರ್ ಆಯಿಲ್ ವಾಸನೆ ಬರುತ್ತಿತ್ತಂತೆ. ಆ ವಿಷಯದ ಮೇಲೆ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ.

ಮಾರ್ಚ್ 2023ರಿಂದ ಏಪ್ರಿಲ್ 2024: ಫೋರ್ಜ್ಡ್ ಜೊತೆ ಸಂಸಾರ, 13,800 ಕಿ.ಮೀ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಬಿಸಿಯಾದ ಮೇಲೆ ಹೈವೇಯಲ್ಲಿ ಎಂಜಿನ್ ಸೊಗಸು. ಹಾಸನದ ರಸ್ತೆಯಲ್ಲಿ ಎರಡು ಗಂಟೆ ಒಂದೇ ಸಮ ಓಡಿದ ಮೇಲೆ ಯಾವ ದೂರೂ ಇಲ್ಲ.

ಆದರೆ ನಾನು ವರ್ಷದಲ್ಲಿ ಹಾಸನದ ರಸ್ತೆಯಲ್ಲಿ ಇರೋದು ಎಷ್ಟು ದಿನ? ಬೆಳಗ್ಗೆ ಎಂಟೂವರೆಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದರೆ ಟಕಟಕಟಕ. ಪಿಸ್ಟನ್ನು ಹಿಗ್ಗಿ ಬೋರಿಗೆ ಕೂರುವವರೆಗೆ ಗೋಡೆಯಿಂದ ಗೋಡೆಗೆ ಬಡಿದುಕೊಳ್ಳುತ್ತೆ. ಬೇಸಿಗೆಯಲ್ಲಿ ನಾಲ್ಕು ನಿಮಿಷ, ಡಿಸೆಂಬರಿನ ಚಳಿಯಲ್ಲಿ ಆರೂವರೆ. ಎದುರು ಮನೆಯ ಆಂಟಿ ಬಂದು, "ಏನ್ರಿ, ಡೀಸೆಲ್ ಗಾಡಿ ತಗೊಂಡ್ರಾ?" ಅಂತ ಕೇಳಿದರು. ಅಪ್ಪ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಒಂದು ನಿಮಿಷ ಕೇಳಿಸಿಕೊಂಡು ಒಳಗೆ ಹೋದರು. ಏನೂ ಅನ್ನಲಿಲ್ಲ. ಅವರ ಕೈಯಲ್ಲಿ ಹದಿನಾಲ್ಕು ವರ್ಷ ಆ ಎಂಜಿನ್ ಐಡ್ಲಿಂಗಲ್ಲಿ ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ಇತ್ತು.

ಸದ್ದಿನಿಂದ ಎಂಜಿನ್ ಹಾಳಾಗಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದು ಬಹುಪಾಲು ನಿಜ. ಆದರೆ ಆ ಸದ್ದಿನ ಅಡಿಯಲ್ಲಿ ಬೇರೆ ಸದ್ದು ಕೇಳಿಸಲ್ಲ. ಬೇರಿಂಗ್ ಹೋಯಿತೇನೋ ಅಂತ ಮೂರು ಸಲ ಹೆದರಿ ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಇಳಿಸಿ ನೋಡಿದೆ. ಮೂರೂ ಸಲ ಏನೂ ಇರಲಿಲ್ಲ.

ಆಯಿಲ್ ಕುಡಿಯೋದು: ಮೊದಲ 3,000 ಕಿ.ಮೀ.ಯಲ್ಲಿ ಪ್ರತಿ ಸಾವಿರಕ್ಕೆ 350 ಮಿ.ಲೀ., ಆಮೇಲೆ 280ಕ್ಕೆ ಇಳಿದು ಅಲ್ಲೇ ನಿಂತಿತು. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. 9 ಕಿ.ಮೀ. ಓಟದಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವ ಹೊತ್ತಿಗೆ ಆಫೀಸಿನ ಗೇಟು ಬಂದಿರುತ್ತೆ. ಅಲ್ಲಿಯವರೆಗೆ ಹೆಚ್ಚು ಪೆಟ್ರೋಲು ಒಳಗೆ ಬೀಳುತ್ತೆ, ಸಂದು ದೊಡ್ಡದು, ರಿಂಗು ದಾಟಿ ಸಂಪಿಗೆ ಇಳಿಯುತ್ತೆ. ಹಾಗಾಗಿ 4,000ಕ್ಕೇ ಆಯಿಲ್ ಬದಲಿಸುತ್ತಿದ್ದೆ. ಸಿಟಿ ಮೈಲೇಜ್ 11.8.

ಹೊಟ್ಟೆ ಉರಿದಿದ್ದು ಇದ್ಯಾವುದಕ್ಕೂ ಅಲ್ಲ. ಜನವರಿ 2024ರಲ್ಲಿ ಮತ್ತೆ ಚಾರ್ಮಾಡಿ, ಅದೇ ತಿರುವು, ಅದೇ ಎರಡನೇ ಗೇರು, ಅದೇ ಕಡಲೆಕಾಳು.

ಒಂದು ಲಕ್ಷ ಖರ್ಚು ಮಾಡಿ ನಾನು ರೋಗಕ್ಕೆ ಔಷಧಿ ತಂದಿರಲಿಲ್ಲ, ರೋಗವನ್ನು ಇನ್ನಷ್ಟು ಕಾಲ ತಡೆದುಕೊಳ್ಳುವ ಮೈ ತಂದಿದ್ದೆ. ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆ, ನಡುನಡುವೆ ಬೆಳ್ಳಿಯ ಹೊಳಪು. ಆ ಹೊಳಪು ನನ್ನ 54,000 ರೂಪಾಯಿಯ ಪಿಸ್ಟನ್ನಿನದೇ ಚೂರು.

ಫೆಬ್ರವರಿ 2024: 600 ರೂಪಾಯಿಯ ಕಿವಿ

ಮೊದಲ ದಿನ ಮಾಡಬೇಕಿದ್ದ ಕೆಲಸ. 8 ಮಿ.ಮೀ. ತಾಮ್ರದ ಕೊಳವೆ ಅರ್ಧ ಅಡಿ ತಗೊಂಡು ಒಂದು ತುದಿ ಚಪ್ಪಟೆ ಬಡಿದು, ತೂತು ಮಾಡಿ, ಬ್ಲಾಕಿನ ಒಂದು ಬೋಲ್ಟಿಗೆ ಬಿಗಿದೆ. ಇನ್ನೊಂದು ತುದಿಗೆ ಎರಡೂವರೆ ಮೀಟರ್ ರಬ್ಬರ್ ಪೈಪು, ಪೈಪಿನ ಕೊನೆಯನ್ನು ಕಾರ್ಖಾನೆಯಲ್ಲಿ ಹಾಕುವ ಕಿವಿಮುಚ್ಚುಗಕ್ಕೆ ತೂರಿಸಿದೆ. ಡಾಕ್ಟರ ಸ್ಟೆತಸ್ಕೋಪ್ ಇದ್ದ ಹಾಗೆ. ಗೆಳೆಯ ಓಡಿಸಿದ, ನಾನು ಪಕ್ಕದಲ್ಲಿ ಕೂತು ಕಿವಿಗೆ ಹಾಕಿಕೊಂಡು ಆರ್‌ಪಿಎಂ ಬರೆದುಕೊಂಡೆ. ಬಾಟಲಿಗೆ ಕಲ್ಲು ತಾಗಿದ ಹಾಗೆ ಚುರುಕಾದ ಸದ್ದು, 2,800ರಿಂದ 3,600ರ ನಡುವೆ, ಪೂರ್ತಿ ತುಳಿದಾಗ. ಬರಿಗಿವಿಗೆ ಕೇಳಿಸುತ್ತಿದ್ದದ್ದು ಇದರ ಕಾಲುಭಾಗವೂ ಅಲ್ಲ.

ಪಿಗ್ಗಿಬ್ಯಾಕಲ್ಲಿ ಆ ಜಾಗದಲ್ಲಿ ಒಂದೊಂದೇ ಡಿಗ್ರಿ ಹಿಂದಕ್ಕೆ ತಂದೆ. 4 ಡಿಗ್ರಿಗೆ ಮುಕ್ಕಾಲು ಹೋಯಿತು. ಫಿಲ್ಟರನ್ನು ಹೆಡರಿನಿಂದ ದೂರ, ಬಂಪರಿನ ಹಿಂದಕ್ಕೆ ತಂದೆ, ಇನ್ನಷ್ಟು ಹೋಯಿತು. 95 ಆಕ್ಟೇನ್ ಪೆಟ್ರೋಲಿಗೆ ಪೂರ್ತಿ ಹೋಯಿತು, ಆದರೆ ದಿನಾ ಅದನ್ನೇ ಹಾಕೋಕೆ ಮನಸ್ಸು ಒಪ್ಪಲಿಲ್ಲ. ಹೆಡ್ಡೇ ಬದಲಿಸುವುದು ಸರಿ ಅನ್ನಿಸಿತು. ಒಂದು ಹಳೇ ಹೆಡ್ 4,500ಕ್ಕೆ ಸಿಕ್ಕಿತು, 0.2 ಮಿ.ಮೀ. ಮಾತ್ರ ಸವೆಸಿದ್ದು, ಚೇಂಬರ್ 29.7 ಸಿ.ಸಿ.

ಹೆಡ್ ಬದಲಿಸೋಕೆ ಹೇಗೂ ಬಿಚ್ಚಬೇಕು. ಆಗ ಆ ಪ್ರಶ್ನೆ ಬಂತು: ನಾಕಿಂಗ್ ಇಲ್ಲ, ಟರ್ಬೊ ಇಲ್ಲ, 6,500ರ ಮೇಲೆ ತಿರುಗಿಸೋದು ವರ್ಷಕ್ಕೆ ನಾಲ್ಕು ಸಲ. ಮತ್ತೆ ಯಾರಿಗೋಸ್ಕರ ಈ ಟಕಟಕ?

ಮೇ 2024: ಕಾಸ್ಟ್‌ಗೆ ವಾಪಸ್, ಅಷ್ಟು ಸುಲಭ ಇಲ್ಲ

ಬಿಚ್ಚಿದಾಗ ಬೋರು 74.515, ಸ್ಕರ್ಟು 74.40. 13,800 ಕಿ.ಮೀ.ಗೆ ಸ್ಕರ್ಟಿನ ಸವೆತ ನೋಡಿ ಯಜಮಾನರೇ ಹುಬ್ಬೇರಿಸಿದರು. ತಂದಿಟ್ಟುಕೊಂಡಿದ್ದ 0.50 ಕಾಸ್ಟ್ ಪಿಸ್ಟನ್ 74.465. ಬೋರು ಒಂದು ಸಲ ಸ್ವಚ್ಛಕ್ಕೆ ಹೋನ್ ಮಾಡಿದರೆ 74.53 ಆಗುತ್ತೆ, ಸಂದು 0.065. ಮತ್ತೆ ಅದೇ ಸದ್ದು. ಅದರ ಮುಂದಿನ ಓವರ್‌ಸೈಜ್ ಜೆ.ಸಿ. ರೋಡಿನಲ್ಲಿ ಮೂರು ಅಂಗಡಿ ಕೇಳಿದರೂ ಸಿಗಲಿಲ್ಲ. ಫೋರ್ಜ್ಡ್‌ಗೆ ಅಂತ ಅಗಲ ಮಾಡಿದ ಬೋರು ವಾಪಸ್ ಬರುವ ದಾರಿಯನ್ನೇ ಮುಚ್ಚಿತ್ತು. ಇದನ್ನು ಯಾರೂ ಮೊದಲು ಹೇಳಲ್ಲ.

ಹಳೇ ಬ್ಲಾಕು ಗುಜರಿಯಲ್ಲಿ ಸಿಗುತ್ತೆ. ಆದರೆ ಎಂಜಿನ್ ನಂಬರ್ ಇರೋದು ಬ್ಲಾಕಿನ ಮೇಲೆ. ಕಾರಿಗೆ ಇಪ್ಪತ್ತು ವರ್ಷ, ಆರ್‌ಸಿ ನವೀಕರಣ ಅದೇ ವರ್ಷ ಬಂದಿತ್ತು. ಬ್ಲಾಕು ಬದಲಿಸಿದರೆ ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ಹೊಸ ನಂಬರ್ ಅಂತ ಇನ್ನೊಂದು ಸುತ್ತು. ಬೇಡ ಅನ್ನಿಸಿ ನನ್ನ ಬ್ಲಾಕಿಗೇ ಹೊಸ ಲೈನರ್ ಹಾಕಿಸಿದೆ. ಹಳೇ ಕಬ್ಬಿಣವನ್ನು ಕೊರೆದು, ಬ್ಲಾಕು ಬಿಸಿಮಾಡಿ, 0.05 ಬಿಗಿಗೆ ನಾಲ್ಕು ತೆಳು ಲೈನರ್ ಒತ್ತಿದರು. ಒಂದು ರಾತ್ರಿ ಹಾಗೇ ಬಿಟ್ಟು, ಮರುದಿನ ಮೇಲ್ಮೈ ಸಮ ಮಾಡಿ, ಬೋರು ಕಂಪನಿಯ ಮೂಲ ಅಳತೆ 74ಕ್ಕೇ ತಂದರು. ಬೋರಿಂಗ್, ಹೋನಿಂಗ್ ಸೇರಿ 13,200.

ಹೀಗಾಗಿ 0.50 ಸೆಟ್ ವಾಪಸ್ ಕೊಟ್ಟು ಸ್ಟಾಂಡರ್ಡ್ ಸೆಟ್ ತಂದೆ. ಇಲ್ಲೇ ತಯಾರಾದ ಕಾಸ್ಟ್ ಪಿಸ್ಟನ್, ರಿಂಗ್ ಸೇರಿ 6,700. ಗೋಯೆಟ್ಜೆ ಕಂಪನಿಯ ಪಿಸ್ಟನ್-ರಿಂಗ್ ಕಾರ್ಖಾನೆ ನಮ್ಮ ಯಲಹಂಕದಲ್ಲೇ ಇದೆ. ಅದರ ಮುಂದೆ ಎಷ್ಟೋ ಸಲ ಓಡಾಡಿದವನು ನಾನು, ಪಿಸ್ಟನ್ ತರಿಸಿದ್ದು ಮಾತ್ರ ಸಮುದ್ರದಾಚೆಯಿಂದ.

ಈ ಸಲ ಅಳತೆ ಯಜಮಾನರು ಹಿಡಿದರು, ನಾನು ಬರೆದುಕೊಂಡೆ. ಸಂದು ನಾಲ್ಕಕ್ಕೂ 0.035. ರಿಂಗಿನ ಬಾಯಿ 0.25ರಿಂದ 0.30, ತೀಡುವ ಕೆಲಸವೇ ಬರಲಿಲ್ಲ. ಕಂಪ್ರೆಷನ್ ಲೆಕ್ಕ 9.7ಕ್ಕೆ 1.

ಹಾಗಂತ ನನ್ನ ಕೈಚಳಕ ಇಲ್ಲಿಗೆ ಮುಗಿಯಲಿಲ್ಲ. ಗ್ರೈಂಡ್ ಮಾಡಿದ ಕ್ಯಾಮ್ ಇರೋದರಿಂದ ವಾಲ್ವು ಪಿಸ್ಟನ್ನಿಗೆ ತಾಗುತ್ತಾ ಅಂತ ನೋಡೋಕೆ ಮಕ್ಕಳ ಆಟದ ಜೇಡಿ ಪಿಸ್ಟನ್ ತಲೆಗೆ ಅಂಟಿಸಿ, ಹೆಡ್ ಕೂರಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿದೆ. ತೆಗೆದು ನೋಡಿದರೆ ಮೂರನೇದರಲ್ಲಿ ಮಾತ್ರ ಅಚ್ಚು ಬೇರೆ ಜಾಗದಲ್ಲಿ. ಪಿಸ್ಟನ್ ತಲೆಯ ಮೇಲಿನ ಬಾಣ ಟೈಮಿಂಗ್ ಬೆಲ್ಟಿನ ಕಡೆ ಇರಬೇಕು. ಮೂರನೇದು ಫ್ಲೈವೀಲ್ ಕಡೆ ನೋಡುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಜೋಡಿಸಿದ್ದರ ಫಲ. ಹಾಗೇ ಮುಚ್ಚಿದ್ದಿದ್ದರೆ ನಾಲ್ಕನೇ ಸಲ ಬಿಚ್ಚುವ ಭಾಗ್ಯ ಇತ್ತು. ಹತ್ತು ರೂಪಾಯಿಯ ಜೇಡಿ ಉಳಿಸಿತು.

ಈಗ, 9,400 ಕಿ.ಮೀ. ಆದ ಮೇಲೆ

ಕಂಪ್ರೆಷನ್ 184, 185, 183, 185. ಆಯಿಲ್ ಸಾವಿರಕ್ಕೆ 60 ಮಿ.ಲೀ. ಸಿಟಿ ಮೈಲೇಜ್ 13.4, ಇದರಲ್ಲಿ ಪಿಸ್ಟನ್ನಿನ ಪಾಲು ಎಷ್ಟು, ಟೈಮಿಂಗಿನ ಪಾಲು ಎಷ್ಟು ಅಂತ ಬೇರೆ ಮಾಡೋಕಾಗಲ್ಲ. ಬೆಳಗಿನ ಸದ್ದು ಸೊನ್ನೆ. ಚಾರ್ಮಾಡಿ ಮೂರು ಸಲ ಏರಿದ್ದೇನೆ, ಒಮ್ಮೆ ಕಿವಿಮುಚ್ಚುಗ ಹಾಕಿಕೊಂಡ ಗೆಳೆಯನ ಜೊತೆ. ಕಾಳಿಲ್ಲ. ಓಟದಲ್ಲಿ ಏನಾದರೂ ಕಳೆದುಕೊಂಡೆನಾ ಅಂದರೆ, 10.3ರಿಂದ 9.7ಕ್ಕೆ ಇಳಿದದ್ದು ಸೀಟಿನಲ್ಲಿ ಕೂತವನಿಗೆ ಗೊತ್ತಾಗಲ್ಲ. ನಾಕಿಂಗ್ ನಿಂತಿದ್ದಕ್ಕೋ ಏನೋ, ಮೂರನೇ ಗೇರಿನ ಎಳೆತ ಮೊದಲಿಗಿಂತ ಚೆನ್ನಾಗಿದೆ.

ಖರ್ಚು, ಮುಚ್ಚುಮರೆ ಇಲ್ಲದೆ. ಮೊದಲ ಸುತ್ತು: ಪಿಸ್ಟನ್ ಮತ್ತು ಸಾಗಾಣಿಕೆ 72,600, ಬೋರಿಂಗ್ 4,800, ಪ್ಲೇಟು 6,500, ಗ್ಯಾಸ್ಕೆಟ್ ಬೇರಿಂಗ್ ಆಯಿಲ್ 11,200, ಕೂಲಿ 12,000, ಒಟ್ಟು 1,07,100. ಬಿಗಿದುಕೊಂಡ ಮೇಲಿನ ಸುತ್ತು 15,900. ಮೂರನೇ ಸುತ್ತು: ಲೈನರ್ ಕೆಲಸ 13,200, ಪಿಸ್ಟನ್ 6,700, ಹೆಡ್ 4,500, ಹೆಡ್ ಕೆಲಸ 5,200, ಗ್ಯಾಸ್ಕೆಟ್ ಇತ್ಯಾದಿ 11,600, ಕೂಲಿ 12,000, ಒಟ್ಟು 53,200. ಎಲ್ಲ ಸೇರಿ 1,76,200. 2022ರ ನವೆಂಬರಿನಲ್ಲೇ 0.50 ಕಾಸ್ಟ್ ಹಾಕಿ, ಬೇರೆ ಹೆಡ್ ತಂದು, ಟೈಮಿಂಗ್ ಹಿಂದಕ್ಕೆ ತಂದಿದ್ದರೆ 45,000ದ ಆಸುಪಾಸಿನಲ್ಲಿ ಮುಗಿಯುತ್ತಿತ್ತು.

ಫೋರ್ಜ್ಡ್ ಕೆಟ್ಟದ್ದು ಅಂತ ಇದನ್ನು ಓದಬೇಡಿ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಅನ್ನೋ ರೇಸ್ ಟ್ರ್ಯಾಕಿಗೆ ಕಾರು ತಗೊಂಡು ಹೋಗುವ ಗೆಳೆಯನೊಬ್ಬ ಇದ್ದಾನೆ. ಅವನ ಎಂಜಿನ್ನಿನಲ್ಲಿ 2618 ಇದೆ, ಇರಲೇಬೇಕು. ಬಿಸಿ ಮಾಡಿಕೊಂಡೇ ಇಳಿಯುತ್ತಾನೆ, ಸೀಸನ್ನಿಗೊಮ್ಮೆ ಬಿಚ್ಚುತ್ತಾನೆ, ಅವನ ಕಾರಿಗೆ ತಣ್ಣಗೆ ಎದ್ದು ಪೀಣ್ಯದ ಸಿಗ್ನಲ್ಲಿಗೆ ಹೋಗುವ ಕರ್ಮ ಇಲ್ಲ. ದಿನಾ ಓಡಿಸುವ ಕಾರಿಗೆ ಟರ್ಬೊ ಹಾಕಿದ್ದರೆ ನಾನೂ ಫೋರ್ಜ್ಡ್ ಕಡೆಗೇ ಹೋಗುತ್ತಿದ್ದೆ, ಆದರೆ 4032 ಕೇಳಿ ತರಿಸುತ್ತಿದ್ದೆ. ಸಂದು ಇಷ್ಟು ಬಿಡಬೇಕಾಗಿಲ್ಲ, ಬೆಳಗಿನ ಸದ್ದೂ ಕಡಿಮೆ. ರಿಂಗಿನ ಬಾಯಿ ಮಾತ್ರ ಟರ್ಬೊಗೆ ಇನ್ನೂ ಅಗಲ ಬೇಕು, 0.30 ಇದ್ದಲ್ಲಿ 0.37ರಿಂದ 0.45. ಬಿಸಿಗೆ ಬಾಯಿ ಕೂಡಿಕೊಂಡರೆ ಫೋರ್ಜ್ಡ್ ಆದರೂ ಅಂಚು ಕಿತ್ತು ಬರುತ್ತೆ.

ಅಟ್ಟದ ಮೇಲಿನ ಮೂರನ್ನು ಮಾರೋಕೆ ನೋಡಿದೆ. ಸ್ಕರ್ಟ್ ಸವೆದ, ತೀಡಿದ ಪಿಸ್ಟನ್ ಯಾರಿಗೆ ಬೇಕು? ಪ್ಲೇಟನ್ನು ಯಜಮಾನರ ಅಂಗಡಿಯಲ್ಲೇ ಬಿಟ್ಟಿದ್ದೇನೆ, ಕಳೆದ ತಿಂಗಳು ಒಂದು ಜಿಪ್ಸಿ ಎಂಜಿನ್ನಿಗೆ ಉಪಯೋಗಿಸಿದರಂತೆ. ಸದ್ಯಕ್ಕೆ ಬಾಕಿ ಇರೋದು ಟ್ಯಾಂಕಿನಿಂದ ಬರುವ ರಬ್ಬರ್ ಪೈಪು. ಇಪ್ಪತ್ತು ವರ್ಷದ್ದು, ಈಗಿನ ಎಥೆನಾಲ್ ಪೆಟ್ರೋಲಿಗೆ ಉಬ್ಬಿಕೊಂಡಿದೆ, ಕ್ಲಿಪ್ಪಿನ ಹತ್ತಿರ ಜಿನುಗು. ಭಾನುವಾರ ಅದನ್ನು ತೆಗೆಯಬೇಕು.